ಕೈಯಲ್ಲಿ ಕಟ್ಟಿದ ಮುಖಗಳು: ಹಳೇ ಮಾನ್‌ಸ್ಟರ್ ಸಿನಿಮಾ, ಗಾತ್ ಹುಚ್ಚು, ಮುಂದೆ ಯಾವುದು ತೋರಿಸಲಿ?

ಕಪ್ಪುಬಿಳುಪು:
ನಿನ್ನೆ ರಾತ್ರಿ 1931ರ ಫ್ರಾಂಕೆನ್‌ಸ್ಟೈನ್ ಮತ್ತೆ ನೋಡಿದೆ. ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ. ಆದರೆ ಈ ಸಲ ಪಕ್ಕದಲ್ಲಿ ಅಕ್ಕನ ಮಗಳು ಕೂತಿದ್ದಳು. ಪಿಯುಸಿ ಓದುತ್ತಾಳೆ, ವೆನ್ಸ್‌ಡೇ ಸೀರೀಸ್ ನೋಡಿದ ಮೇಲೆ ಕಪ್ಪು ಬಿಟ್ಟು ಬೇರೆ ಬಣ್ಣ ಮುಟ್ಟುತ್ತಿಲ್ಲ. "ಮಾಮ, ಇದೆಲ್ಲ ಮೊದಲು ಎಲ್ಲಿ ಶುರುವಾಯ್ತು?" ಅಂತ ಕೇಳಿದಳು. ಅದಕ್ಕೇ ಹಾಕಿದೆ.

ಬ್ಲಾಕ್ ಅಂಡ್ ವೈಟ್ ಅಂದ ತಕ್ಷಣ ಫೋನ್ ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಹಿಡಿಯಲಿಲ್ಲ. ಡಾಕ್ಟರು ಹೆಣದ ತುಂಡು ಜೋಡಿಸಿ ಎಬ್ಬಿಸಿದ ಆ ಜೀವ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಒಳಗೆ ಬಂದು ನಿಧಾನಕ್ಕೆ ತಿರುಗುತ್ತದಲ್ಲ, ಕ್ಯಾಮೆರಾ ಮೂರು ಸಲ ಹತ್ತಿರ ಹತ್ತಿರ ಹೋಗುತ್ತದಲ್ಲ, ಅಲ್ಲಿ ನನ್ನ ತೋಳು ಹಿಡಿದುಕೊಂಡಳು. ಅದಾದ ಮೇಲೆ ಡಾಕ್ಟರು ಮಾಡಿನ ಕಿಂಡಿ ತೆಗೆಯುತ್ತಾನೆ. ಮೇಲಿಂದ ಬೆಳಕು ಬೀಳುತ್ತದೆ. ಆ ಜೀವ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೆಳಕನ್ನು ಹಿಡಿಯಲು ನೋಡುತ್ತದೆ. ಕಿಂಡಿ ಮುಚ್ಚಿದ ಮೇಲೆ ಅದೇ ಕೈಗಳನ್ನು ಚಾಚುತ್ತದೆ, ಇನ್ನೊಂಚೂರು ಕೊಡಿ ಅಂತ ಬೇಡುವ ಮಗುವಿನ ಹಾಗೆ. ಅಕ್ಕನ ಮಗಳು ಅಲ್ಲಿ ನಿಲ್ಲಿಸಿ ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. "ಇವನು ಕೆಟ್ಟವನಲ್ಲ ಅಲ್ವಾ?" ಅಂದಳು.

ಆ ಮುಖ ಮಾಡಿದವರು ಜ್ಯಾಕ್ ಪಿಯರ್ಸ್. ಗ್ರೀಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ರಬ್ಬರ್ ಮುಖವಾಡ ತಂದು ಅಂಟಿಸಿದ್ದಲ್ಲ ಅದು. ಹತ್ತಿ, ಕೊಲೋಡಿಯನ್ ಅನ್ನುವ ಅಂಟು ದ್ರವ, ಬಣ್ಣ, ಇಷ್ಟರಲ್ಲೇ ಪದರದ ಮೇಲೆ ಪದರ ಹಚ್ಚಿ ಹಣೆ ಎತ್ತಿದ್ದು. ದಿನಾ ಸುಮಾರು 4 ಗಂಟೆ ಕೆಲಸ. ತಲೆ ಯಾಕೆ ಚಪ್ಪಟೆ ಗೊತ್ತಾ? ಮೆದುಳು ಇಡಬೇಕಾದರೆ ಡಾಕ್ಟರು ಬುರುಡೆಯನ್ನು ಡಬ್ಬಿ ಮುಚ್ಚಳದ ಹಾಗೆ ನೇರ ಕೊಯ್ದಿರುತ್ತಾನೆ ಅಂತ ಪಿಯರ್ಸ್ ಯೋಚಿಸಿದ್ದರು. ಆ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ತಮ್ಮ ಬಾಯಲ್ಲಿದ್ದ ಕಟ್ಟಿಸಿದ ಹಲ್ಲುಗಳನ್ನು ತೆಗೆದು ಒಂದು ಕಡೆಯ ಕೆನ್ನೆ ಒಳಕ್ಕೆ ಹೋಗುವ ಹಾಗೆ ಮಾಡಿಕೊಂಡರು. ಕಣ್ಣು ತೀರಾ ಚುರುಕಾಗಿ ಕಾಣುತ್ತಿದೆ ಅಂತ ರೆಪ್ಪೆ ಮೇಲೆ ಮೇಣ ಹಚ್ಚಿಸಿಕೊಂಡರು. ಇಷ್ಟೆಲ್ಲ ಆದ ಮೇಲೂ ಸಿನಿಮಾದ ಶುರುವಿನಲ್ಲಿ ಪಾತ್ರವರ್ಗ ತೋರಿಸುವಾಗ ಅವರ ಹೆಸರಿನ ಜಾಗದಲ್ಲಿ ಬರೀ ಒಂದು ಪ್ರಶ್ನೆ ಚಿಹ್ನೆ. ಹೆಸರು ಬರುವುದು ಕೊನೆಯಲ್ಲಿ.

ನನ್ನ ಮಾತು ಇಷ್ಟೇ. ಈ ಸಿನಿಮಾಗಳು 90 ವರ್ಷ ದಾಟಿ ಉಳಿದಿರುವುದು ಕಥೆಯಿಂದಲ್ಲ, ಮುಖಗಳಿಂದ. ಒಬ್ಬರು ಇನ್ನೊಬ್ಬರ ಎದುರು ಗಂಟೆಗಟ್ಟಲೆ ಕೂತು ಕೈಯಲ್ಲಿ ಕಟ್ಟಿದ ಮುಖಗಳು ಅವು. ಕಪ್ಪು ಬಟ್ಟೆ, ಬಿಳಿ ಮುಖ, ಕಪ್ಪು ಕಣ್ಣಿನ ಗಾತ್ ಹುಡುಗ ಹುಡುಗಿಯರು ಕನ್ನಡಿ ಮುಂದೆ ಕೂತು ಮಾಡುವುದೂ ಅದೇ ಕೆಲಸ, ಬೇರೆಯದಲ್ಲ.

ಈಗ ಹೇಳಿ, ಅವಳಿಗೆ ಮುಂದೆ ಯಾವುದು ತೋರಿಸಲಿ?

ತೆರೆಕುಣಿತ:
ಮಾರಾಯ್ರೆ, ನೀವು ಹತ್ತಿ ಮತ್ತೆ ಅಂಟು ಅಂದಕೂಡಲೇ ನನಗೆ ನಮ್ಮ ಚೌಕಿ ನೆನಪಾಯಿತು, ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಜಾಗ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ನೋಡಿದ್ದೀರಾ? ನನ್ನ ದೊಡ್ಡಪ್ಪ ಮೇಳದಲ್ಲಿ ಇದ್ದವರು. ಚಿಕ್ಕವನಿದ್ದಾಗ ಆಟ ನೋಡುವುದಕ್ಕಿಂತ ಚೌಕಿಯಲ್ಲಿ ಕೂರುವುದೇ ನನಗೆ ಇಷ್ಟ. ಅಕ್ಕಿ ಹಿಟ್ಟು ಸುಣ್ಣ ಕಲಸಿ, ಕಡ್ಡಿಯಲ್ಲಿ ಒಂದೊಂದೇ ಚಿಟ್ಟಿ ಇಡುತ್ತಾ ಹೋಗುತ್ತಿದ್ದರು. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆ ಇನ್ನೊಂದು. ಮುಖದ ತುಂಬ ಬಿಳಿ ಮುಳ್ಳು ಎದ್ದ ಹಾಗೆ ಆಗುತ್ತಿತ್ತು. ಅಷ್ಟು ಹೊತ್ತು ದೊಡ್ಡಪ್ಪ ಮಾತಾಡುತ್ತಿರಲಿಲ್ಲ, ನಗುತ್ತಿರಲಿಲ್ಲ, ಮುಖ ಅಲ್ಲಾಡಿದರೆ ಚಿಟ್ಟಿ ಉದುರುತ್ತದೆ ಅಂತ. ನಾನು ನೀರು ಕೊಟ್ಟರೆ ತುಟಿ ಮಾತ್ರ ತೆರೆಯುತ್ತಿದ್ದರು. ಸ್ವಲ್ಪ ಸ್ವಲ್ಪವಾಗಿ ದೊಡ್ಡಪ್ಪ ಹೋಗಿ ಅಲ್ಲಿ ರಾಕ್ಷಸ ಕೂತಿರುತ್ತಿದ್ದ. ಹೆದರಿಕೆ ಆಗುತ್ತಿರಲಿಲ್ಲ ನನಗೆ. ಎಲ್ಲ ನನ್ನ ಕಣ್ಣ ಮುಂದೆಯೇ ಆದದ್ದು ಅಲ್ವಾ.

ಕಾರ್ಲಾಫ್ ಪಿಯರ್ಸ್ ಎದುರು ಹಾಗೇ ಕೂತಿದ್ದಿರಬೇಕು.

ನಿಮ್ಮ ಸೊಸೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗಿ. 1925ರ ದ ಫ್ಯಾಂಟಮ್ ಆಫ್ ದಿ ಆಪೆರಾ. ಮೂಕಿ ಸಿನಿಮಾ. ಲಾನ್ ಚೇನಿ ತಮ್ಮ ಮುಖವನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಅವರ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮನೆಯಲ್ಲಿ ಮಾತೆಲ್ಲ ಕೈ, ಮುಖಗಳಲ್ಲೇ ನಡೆಯುತ್ತಿತ್ತು. ನಟನೆ ಅಲ್ಲಿ ಕಲಿತದ್ದು ಅವರು. ಆ ಹುಡುಗಿ ಹಿಂದಿನಿಂದ ಬಂದು ಮುಖವಾಡ ಎಳೆಯುವ ಜಾಗ ಬಂದಾಗ ನಿಮ್ಮ ಸೊಸೆಯ ಮುಖ ನೋಡಿ. ಚೇನಿಯ ಮೇಕಪ್ ಪೆಟ್ಟಿಗೆ ಈಗಲೂ ಲಾಸ್ ಏಂಜಲೀಸ್‌ನ ಮ್ಯೂಸಿಯಂ ಒಂದರಲ್ಲಿ ಇದೆ. ಒಂದು ದಿನ ಹೋಗಿ ಅದನ್ನು ನೋಡಬೇಕು ಅಂತ ನನಗೆ ತುಂಬ ಆಸೆ.

ನಿಶಾಚರ:
ಮೇಕಪ್ ಮೇಕಪ್ ಅಂತ ಇಬ್ಬರೂ ಒಂದೇ ಕಡೆ ಹೋಗುತ್ತಿದ್ದೀರಿ, ನಾನು ಒಪ್ಪುವುದಿಲ್ಲ. ಬೆಲಾ ಲುಗೋಸಿಯನ್ನು ಮರೆತಿರಾ? ಅದೇ 1931, ಫೆಬ್ರವರಿಯಲ್ಲೇ ಬಂದ ಡ್ರಾಕುಲಾ. ಅದರಲ್ಲಿ ಮುಖಕ್ಕೆ ಏನಿದೆ? ಕೋರೆಹಲ್ಲು ಕೂಡ ಇಲ್ಲ! ಇಡೀ ಸಿನಿಮಾದಲ್ಲಿ ಒಂದು ಸಲವೂ ಕೋರೆಹಲ್ಲು ಕಾಣಿಸುವುದಿಲ್ಲ, ಬೇಕಾದರೆ ಹಾಕಿ ನೋಡಿ. ಇರುವುದು ಕಣ್ಣ ಮೇಲೆ ಬಿದ್ದ ಒಂದು ಪಟ್ಟಿ ಬೆಳಕು, ಹಂಗೇರಿಯ ಆ ಧಾಟಿ, ನಿಲ್ಲುವ ರೀತಿ. ಒಂದೊಂದು ಪದವನ್ನೂ ತೂಗಿ ತೂಗಿ ಇಡುತ್ತಾರೆ. ಮೆಟ್ಟಿಲ ಮೇಲೆ ದೀಪ ಹಿಡಿದು ನಿಂತು ತನ್ನ ಹೆಸರು ಹೇಳುತ್ತಾರಲ್ಲ, ಅಷ್ಟೇ ಸಾಕು. ಶುರುವಿನ ಸಂಗೀತ ಮುಗಿದ ಮೇಲೆ ಹಿನ್ನೆಲೆ ಸಂಗೀತ ಅನ್ನುವುದೇ ಹೆಚ್ಚುಕಮ್ಮಿ ಇಲ್ಲ. ಆ ನಿಶ್ಶಬ್ದ ಕಿವಿಗೆ ಬಂದು ಕೂರುತ್ತದೆ.

ಇನ್ನೊಂದು ವಿಷಯ. ಹಗಲು ಇಂಗ್ಲಿಷ್ ತಂಡ ಶೂಟಿಂಗ್ ಮುಗಿಸಿ ಹೋದ ಮೇಲೆ ರಾತ್ರಿ ಅದೇ ಸೆಟ್‌ಗಳಲ್ಲಿ ಬೇರೆ ನಟರನ್ನು ಹಾಕಿಕೊಂಡು ಸ್ಪ್ಯಾನಿಷ್ ಡ್ರಾಕುಲಾ ತೆಗೆದರು. ಕ್ಯಾಮೆರಾ ಓಡಾಟದಲ್ಲಿ ಸ್ಪ್ಯಾನಿಷ್ ಸಿನಿಮಾನೇ ಮೇಲು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅದರಲ್ಲಿ ಲುಗೋಸಿ ಇಲ್ಲ. ಅದಕ್ಕೇ ಜನ ಇದನ್ನು ನೆನಪಿಟ್ಟುಕೊಂಡರು. ಕಟ್ಟಿದ ಮುಖ ಅಲ್ಲ ಸ್ವಾಮಿ, ಇದ್ದ ಮುಖ.

ಆ ಮನುಷ್ಯನ ಗತಿ ನೆನೆದರೆ ಹೊಟ್ಟೆ ಉರಿಯುತ್ತದೆ. ಬ್ರಾಡ್‌ವೇ ನಾಟಕದಲ್ಲಿ 1927ರಿಂದ ಅದೇ ಪಾತ್ರ ಮಾಡಿಕೊಂಡು ಬಂದವರು, ಸಿನಿಮಾಗೆ ಸಿಕ್ಕಿದ್ದು ತೀರಾ ಕಡಿಮೆ ಸಂಬಳ, ಆಮೇಲೆ ಹೆಚ್ಚಾಗಿ ಭಯಾನಕ ಪಾತ್ರಗಳನ್ನೇ ಕೊಟ್ಟರು. 1956ರಲ್ಲಿ ತೀರಿಕೊಂಡಾಗ ಡ್ರಾಕುಲಾ ಮೇಲಂಗಿ ಹಾಕಿಯೇ ಮಣ್ಣು ಮಾಡಿದರು.

ಕಪ್ಪುಬಿಳುಪು:
ನಿಶಾಚರ ಅವರೇ, ಲುಗೋಸಿ ವಿಷಯದಲ್ಲಿ ನೀವು ಹೇಳಿದ್ದು ಸರಿ, ನನ್ನ ಮಾತು ತಿದ್ದಿಕೊಳ್ಳುತ್ತೇನೆ. ಆದರೆ "ಇದ್ದ ಮುಖ" ಅಂದಿರಲ್ಲ, ಆ ಕೈ ನೋಡಿ. ಬೆರಳುಗಳನ್ನು ಬಿಡಿಸಿ, ಮಣಿಕಟ್ಟು ತಿರುಗಿಸಿ ಒಬ್ಬರನ್ನು ಹತ್ತಿರ ಕರೆಯುತ್ತಾರಲ್ಲ, ಅದು ನಾಟಕದ ರಂಗದ ಮೇಲೆ ನೂರಾರು ಸಲ ಮಾಡಿ ಮಾಡಿ ಕಟ್ಟಿದ ಕೈ. ಅದೂ ಕಸುಬೇ.

ಕಾಡಿಗೆ:
ಇಷ್ಟು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ನಾನು ಸಿನಿಮಾ ಕಡೆಯಿಂದ ಬಂದವಳಲ್ಲ, ಹಾಡಿನ ಕಡೆಯಿಂದ ಬಂದವಳು. ನನಗೆ ಲುಗೋಸಿ ಹೆಸರು ಗೊತ್ತಾಗಿದ್ದೇ ಬಾವ್‌ಹೌಸ್ ಅನ್ನುವ ತಂಡದ ಹಾಡಿನಿಂದ. 1979ರಲ್ಲಿ ಬಂತು, ಲುಗೋಸಿ ಸತ್ತ ಅಂತ ಹಾಡಿನ ಹೆಸರಲ್ಲೇ ಇದೆ. ಒಂಬತ್ತು ನಿಮಿಷಕ್ಕೂ ಜಾಸ್ತಿ. ಹಾಡುವ ದನಿ ಬರುವ ಮುಂಚೆ ಎಷ್ಟೋ ಹೊತ್ತು ಬರೀ ಡ್ರಮ್ಮಿನ ಟಿಕ್ ಟಿಕ್, ಮೇಲಿಂದ ಇಳಿಯುವ ಬೇಸ್, ಗಿಟಾರಿನ ಕಿರಕಿರ. ಮೊದಲ ಸಲ ಹಾಸ್ಟೆಲ್ ರೂಮಿನಲ್ಲಿ ಕರೆಂಟ್ ಹೋದಾಗ ಇಯರ್‌ಫೋನ್‌ನಲ್ಲಿ ಕೇಳಿದೆ. ಮುಗಿದ ಮೇಲೆ ಹುಡುಕಿದೆ, ಯಾರಪ್ಪಾ ಈ ಲುಗೋಸಿ ಅಂತ.

ಲಂಡನ್ನಿನ ಸೋಹೋದಲ್ಲಿ 1982ರಲ್ಲಿ ಗಾತ್‌ಗಳ ಬ್ಯಾಟ್‌ಕೇವ್ ಕ್ಲಬ್ ಶುರುವಾದಾಗ ಅಲ್ಲಿಗೆ ಬರುತ್ತಿದ್ದವರ ಮುಖ ನೋಡಿ. ಬಿಳಿ ಪೌಡರ್, ಕಪ್ಪು ತುಟಿ, ಕಣ್ಣ ಸುತ್ತ ಕಿವಿಯ ತನಕ ಎಳೆದ ಗೆರೆ. ಸೂಸಿ ಅಂಡ್ ದ ಬ್ಯಾನ್‌ಶೀಸ್ ತಂಡದ ಗಾಯಕಿ ಸೂಸಿ ಕಣ್ಣು ಬರೆದುಕೊಳ್ಳುತ್ತಿದ್ದ ರೀತಿ ಮೂಕಿ ಸಿನಿಮಾದ ನಟಿಯರನ್ನೇ ನೆನಪಿಸುತ್ತದೆ. ಎಲ್ಲವೂ ಮನೆಯಲ್ಲಿ, ಕನ್ನಡಿ ಮುಂದೆ, ಕೈಯಲ್ಲಿ. ಹಾಗಾಗಿ ಕಪ್ಪುಬಿಳುಪು ಹೇಳಿದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ನಾನು ಅಂಗಡಿಯ ಐಲೈನರ್ ಬಳಸುವುದಿಲ್ಲ, ನನ್ನ ಕಣ್ಣಿಗೆ ಉರಿ ಬರುತ್ತದೆ. ಅಜ್ಜಿ ಕಲಿಸಿದ ಕಾಡಿಗೆಯೇ. ಹರಳೆಣ್ಣೆ ದೀಪ ಹಚ್ಚಿ, ಎರಡು ಲೋಟದ ಮೇಲೆ ತಾಮ್ರದ ತಟ್ಟೆ ಬೋರಲು ಇಟ್ಟು, ರಾತ್ರಿಯಿಡೀ ಹಾಗೇ ಬಿಡಬೇಕು. ಬೆಳಿಗ್ಗೆ ತಟ್ಟೆಯಡಿ ಮಸಿ ಮೆತ್ತಗೆ ಮಖಮಲ್ಲಿನ ಹಾಗೆ ಕೂತಿರುತ್ತದೆ. ಉಗುರು ತಾಗಿದರೂ ಉದುರುತ್ತದೆ. ಅದನ್ನು ಕೆರೆದು ಒಂದು ಹನಿ ತುಪ್ಪದಲ್ಲಿ ಕಲಸಿ ಡಬ್ಬಿಗೆ ತುಂಬಿದರೆ ಆಯಿತು. ಆ ಕಪ್ಪು ಇದೆಯಲ್ಲ, ಅಂಗಡಿಯ ಯಾವ ಪೆನ್ಸಿಲ್ಲಿನಲ್ಲೂ ಸಿಗುವುದಿಲ್ಲ.

ಹೋದ ವರ್ಷ ಒಂದು ಮದುವೆಗೆ ಕಪ್ಪು ಸೀರೆ ಉಟ್ಟು ಹೋದೆ. ಬಾಗಿಲಲ್ಲೇ ಒಬ್ಬರು ದೊಡ್ಡವರು ನಿಲ್ಲಿಸಿ "ಯಾರ ತಿಥಿಗೆ ಬಂದೆ?" ಅಂದರು. ಎಲ್ಲರೂ ತಿರುಗಿ ನೋಡಿದರು. ನಾನು ಊಟ ಮಾಡದೆ ಬಂದುಬಿಟ್ಟೆ. ಬಸ್ಸಿನಲ್ಲಿ ಕೂತು ಕಣ್ಣು ಒರೆಸಿಕೊಂಡರೆ ಕರವಸ್ತ್ರ ಪೂರ್ತಿ ಕಪ್ಪು. ಅದನ್ನು ಇನ್ನೂ ಒಗೆದಿಲ್ಲ.

ಇಳಕಲ್ಲಿನವಳು:
ತಂಗಿ, ಆ ದೊಡ್ಡವರಿಗೆ ನಮ್ಮ ಕಡೆಯ ಚಂದ್ರಕಾಳಿ ಸೀರೆ ತೋರಿಸಬೇಕಿತ್ತು. ಕರಿ ಒಡಲು, ಕೆಂಪು ಸೆರಗು. ನಮ್ಮವ್ವ ಅದನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಮಡಚಿ ಇಡುತ್ತಿದ್ದಳು. ಕರಿ ಬಣ್ಣ ಎಲ್ಲ ಕಡೆ ಅಪಶಕುನ ಅಲ್ಲ. ಮುಂದಿನ ಮದುವೆಗೂ ಉಟ್ಟುಕೊಂಡು ಹೋಗು, ಹೋಳಿಗೆ ಉಂಡೇ ಬಾ.

ಲೀಡ್ಸ್‌ನಿಂದ:
ಕೆಲಸದ ಮೇಲೆ ಇಲ್ಲಿ ಬಂದು ಏಳು ವರ್ಷ ಆಯಿತು. ಗಾತ್ ಅಂದರೆ ಈ ಊರಿನವರಿಗೆ ಹೆಮ್ಮೆ, ಸಿಸ್ಟರ್ಸ್ ಆಫ್ ಮರ್ಸಿ ತಂಡ 1980ರಲ್ಲಿ ಇಲ್ಲೇ ಹುಟ್ಟಿದ್ದು. ಇಲ್ಲಿಂದ ಸಮುದ್ರದ ಕಡೆ ಹೋದರೆ ವಿಟ್ಬಿ. ಡ್ರಾಕುಲಾ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ 1890ರಲ್ಲಿ ಅಲ್ಲಿ ತಂಗಿದ್ದರು, ಡ್ರಾಕುಲಾ ಅನ್ನುವ ಹೆಸರು ಸಿಕ್ಕಿದ್ದೇ ಅಲ್ಲಿನ ಲೈಬ್ರರಿಯ ಒಂದು ಪುಸ್ತಕದಲ್ಲಿ. 1885ರಲ್ಲಿ ಡಿಮಿಟ್ರಿ ಅನ್ನುವ ರಷ್ಯಾದ ಹಡಗು ಅದೇ ದಡಕ್ಕೆ ಬಂದು ಅಪ್ಪಳಿಸಿತ್ತು, ಕಾದಂಬರಿಯಲ್ಲಿ ಅದೇ ಡಿಮೀಟರ್ ಆಯಿತು. ಗುಡ್ಡದ ಮೇಲಿನ ಚರ್ಚಿಗೆ 199 ಮೆಟ್ಟಿಲು. ಎಣಿಸುತ್ತಾ ಹತ್ತಿದೆ, ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು.

ಅಲ್ಲಿ 1994ರಿಂದ ಗಾತ್ ವೀಕೆಂಡ್ ನಡೆಯುತ್ತದೆ. ನಾನು ಹೆದರಿಕೊಂಡೇ ಹೋಗಿದ್ದೆ, ಯಾರೂ ಪರಿಚಯ ಇಲ್ಲ ಅಂತ. ಹೋಗಿ ನೋಡಿದರೆ ಎಪ್ಪತ್ತು ದಾಟಿದ ಗಂಡ ಹೆಂಡತಿ ಕಪ್ಪು ವೆಲ್ವೆಟ್ ಹಾಕಿಕೊಂಡು ಕೈ ಕೈ ಹಿಡಿದು ಮೀನು, ಚಿಪ್ಸ್ ತಿನ್ನುತ್ತಿದ್ದರು. ತಳ್ಳುಗಾಡಿಯಲ್ಲಿ ಕೂತ ಮಗುವಿಗೂ ಬಾವಲಿ ರೆಕ್ಕೆ. ಆ ಊರಿನ ಇನ್ನೊಂದು ವಿಶೇಷ ಜೆಟ್ ಅನ್ನುವ ಕಪ್ಪು ಕಲ್ಲು. ಕೋಟ್ಯಂತರ ವರ್ಷದ ಹಿಂದಿನ ಮರ ಹಾಗೆ ಕಲ್ಲಾಗಿರುವುದು. ಗಂಡ ತೀರಿಕೊಂಡ ಮೇಲೆ ರಾಣಿ ವಿಕ್ಟೋರಿಯಾ ಆ ಒಡವೆ ಹಾಕಿಕೊಂಡಳು, ದೇಶವೆಲ್ಲ ಹಾಕಿಕೊಂಡಿತು. ಕೈಯಲ್ಲಿ ಹಿಡಿದರೆ ಕಲ್ಲಿನ ಭಾರವೇ ಇಲ್ಲ, ತಣ್ಣಗೂ ಇರುವುದಿಲ್ಲ. ಕಾಡಿಗೆ ಅವರೇ, ನಿಮಗೆ ಒಂದು ಜೊತೆ ಓಲೆ ತಂದುಕೊಡುತ್ತೇನೆ.

ನೀರಿನಾಳ:
ಕೈಯಲ್ಲಿ ಕಟ್ಟಿದವರ ಬಗ್ಗೆ ಮಾತು ಬಂತು, ಮಿಲಿಸೆಂಟ್ ಪ್ಯಾಟ್ರಿಕ್ ಹೆಸರು ಇನ್ನೂ ಯಾರೂ ಎತ್ತಿಲ್ಲ! 1954ರ ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್, ಮೀನುಮನುಷ್ಯನ ಸಿನಿಮಾ. ಆ ಕಿವಿರು, ಆ ಮೀನಿನ ತುಟಿ, ಇಡೀ ರೂಪ ಬರೆದದ್ದು ಒಬ್ಬ ಹೆಂಗಸು. ಸ್ಟುಡಿಯೊ ಅವರನ್ನು ಪ್ರಚಾರಕ್ಕೆ ಊರೂರು ಕಳಿಸಿತು. ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್‌ಗೆ ಅದು ಸಹಿಸಲಿಲ್ಲ. ಸಿನಿಮಾದಲ್ಲಿ ಹೆಸರು ಬಂದದ್ದು ವೆಸ್ಟ್‌ಮೋರ್ ಒಬ್ಬರದೇ, ಪ್ಯಾಟ್ರಿಕ್‌ಗೆ ಅಲ್ಲಿ ಮತ್ತೆ ಕೆಲಸವೇ ಸಿಗಲಿಲ್ಲ. ಎಷ್ಟೋ ದಶಕ ಅವರು ಯಾರು ಅಂತಲೇ ಜನಕ್ಕೆ ಗೊತ್ತಿರಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ.

ನೀರಿನ ಒಳಗಿನ ದೃಶ್ಯಗಳಲ್ಲಿ ಆ ವೇಷ ಹಾಕಿದ್ದು ರಿಕೊ ಬ್ರೌನಿಂಗ್. ವೇಷದೊಳಗೆ ಗಾಳಿಯ ಸಿಲಿಂಡರ್ ಇಲ್ಲ, ಉಸಿರು ಕಟ್ಟಿಕೊಂಡೇ ಈಜಿದ್ದು. ನಾಯಕಿ ಮೇಲೆ ಈಜುತ್ತಿರುತ್ತಾಳೆ, ಅವಳ ಕೆಳಗೆ ಅವನು ಮಲಗಿದ ಹಾಗೆ ಅದೇ ಲಯದಲ್ಲಿ ಈಜುತ್ತಾನೆ, ಅವಳಿಗೆ ಗೊತ್ತೇ ಇಲ್ಲ. ಕಾಲು ಮುಟ್ಟಲು ಬೆರಳು ಚಾಚಿ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಗಿಯೆರ್ಮೊ ದೆಲ್ ತೋರೊ ಚಿಕ್ಕವರಿದ್ದಾಗ ಇದನ್ನು ನೋಡಿ ಅವರಿಬ್ಬರೂ ಒಂದಾಗಲಿ ಅಂತ ಆಸೆಪಟ್ಟಿದ್ದರಂತೆ. ದೊಡ್ಡವರಾಗಿ ದ ಶೇಪ್ ಆಫ್ ವಾಟರ್ ತೆಗೆದು ಒಂದು ಮಾಡಿದರು, 2018ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಅಭಿಮಾನ ಅಂದರೆ ಹೀಗಿರಬೇಕು.

ನಿಶಾಚರ:
ಪ್ಯಾಟ್ರಿಕ್ ವಿಷಯ ಗೊತ್ತಿರಲಿಲ್ಲ, ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಪಿಯರ್ಸ್ ಕಥೆಯೂ ಹಾಗೇ ಮುಗಿಯಿತು. 1941ರ ವುಲ್ಫ್ ಮ್ಯಾನ್‌ಗೆ ಯಾಕ್ ಕೂದಲನ್ನು ಒಂದೊಂದೇ ಗುಚ್ಛ ಅಂಟಿಸಿ ತೋಳದ ಮುಖ ಕಟ್ಟಿದವರು, 1940ರ ದಶಕ ಮುಗಿಯುವ ಮುಂಚೆ ಸ್ಟುಡಿಯೊ ಮನೆಗೆ ಕಳಿಸಿತು. ರಬ್ಬರ್ ಅಚ್ಚು ಬಂದಿತ್ತು, ಕೈಕೆಲಸಕ್ಕೆ ಟೈಮ್ ಜಾಸ್ತಿ ಹಿಡಿಯುತ್ತದೆ ಅಂತ.

ಇನ್ನೊಂದು, ಕಾರ್ಲಾಫ್‌ಗೂ ನಮ್ಮ ದೇಶಕ್ಕೂ ನಂಟಿದೆ. ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ಅಪ್ಪ ಬ್ರಿಟಿಷರ ಕಾಲದಲ್ಲಿ ಇಲ್ಲಿನ ಉಪ್ಪಿನ ತೆರಿಗೆ ಇಲಾಖೆಯಲ್ಲಿದ್ದವರು. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ರಾಜನ ಮಕ್ಕಳಿಗೆ ಪಾಠ ಹೇಳಿದ ಆನಾ ಲಿಯೊನೊವೆನ್ಸ್ ಇದ್ದಾರಲ್ಲ, ಅಹಮದ್‌ನಗರದಲ್ಲಿ ಹುಟ್ಟಿದವರು, ಕಾರ್ಲಾಫ್ ಅವರ ಅಜ್ಜಿ, ಅಂದರೆ ಅಮ್ಮನ ಅಮ್ಮ, ಆಕೆಯ ಒಡಹುಟ್ಟಿದ ಅಕ್ಕ.

ಕಪ್ಪುಬಿಳುಪು:
ಎಲ್ಲರ ಮಾತು ಅಕ್ಕನ ಮಗಳಿಗೆ ಓದಿ ಹೇಳಿದೆ. ನಿನ್ನೆ ನಾವು ಮುಂದಿನದ್ದು ಅಂತ 1935ರ ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್ ನೋಡಿಬಿಟ್ಟೆವು, ತಡೆಯಲಾಗಲಿಲ್ಲ. ಕಣ್ಣು ಕಾಣದ ಮುದುಕ ಅವನನ್ನು ಗುಡಿಸಲೊಳಗೆ ಕರೆದು ಸೂಪ್ ಕೊಡುತ್ತಾನಲ್ಲ, ರೊಟ್ಟಿ ಮುರಿದು ಕೊಡುತ್ತಾನಲ್ಲ, ಅಲ್ಲಿ ಅವಳು ಅತ್ತಳು. ಅವನ ಮುಖ ಕಾಣದವನೊಬ್ಬ ಮಾತ್ರ ಅವನನ್ನು ಬಾ ಅಂತ ಕರೆದದ್ದು. ಅದು ಆದ ಮೇಲೆ ಕಣ್ಣಿರುವವರು ಬಂದು ಎಲ್ಲ ಹಾಳು ಮಾಡುತ್ತಾರೆ. "ಮಾಮ, ದೀವಟಿಗೆ ಹಿಡಿದು ಅಟ್ಟಿಸಿಕೊಂಡು ಬರೋರು ಯಾಕೆ ಒಂದು ಸಲನೂ ಅವನನ್ನ ಕೇಳಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೀಡ್ಸ್‌ನಿಂದ:
ಆ ದೀವಟಿಗೆ ಸಿನಿಮಾದಲ್ಲಷ್ಟೇ ಇಲ್ಲ. ಇಲ್ಲಿಂದ ಬಹಳ ದೂರ ಏನಲ್ಲ, ಬೇಕಪ್ ಅಂತ ಸಣ್ಣ ಊರು. 2007ರ ಆಗಸ್ಟಿನಲ್ಲಿ ಅಲ್ಲಿನ ಪಾರ್ಕಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಮತ್ತು ಅವಳ ಗೆಳೆಯನ ಮೇಲೆ ಹುಡುಗರ ಗುಂಪು ಬಿತ್ತು. ಇಬ್ಬರೂ ಗಾತ್ ಬಟ್ಟೆ ಹಾಕಿದ್ದರು, ಅಷ್ಟೇ ಕಾರಣ. ಕೆಳಗೆ ಬಿದ್ದ ಗೆಳೆಯನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹೊಡೆಯಬೇಡಿ ಅಂತ ಬೇಡಿಕೊಂಡಳು. ಅವಳಿಗೂ ಹೊಡೆದರು. ಅವನು ಬದುಕಿದ, ಅವಳು ಉಳಿಯಲಿಲ್ಲ. 20 ವರ್ಷ. ಅವಳ ತಾಯಿ ವರ್ಷಗಟ್ಟಲೆ ಶಾಲೆ ಶಾಲೆ ತಿರುಗಿ ಮಕ್ಕಳ ಹತ್ತಿರ ಮಾತಾಡಿದರು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಹಲ್ಲೆಗಳನ್ನೂ ದ್ವೇಷದ ಅಪರಾಧ ಅಂತ ದಾಖಲಿಸಲು ಶುರು ಮಾಡಿದರು. ವಿಟ್ಬಿಯಲ್ಲಿ ಅವಳ ನೆನಪಿಗೆ ಒಂದು ಬೆಂಚು ಇದೆ. ನಾನು ಹೋದಾಗ ಅದರ ಮೇಲೆ ಯಾರೋ ಹೂವು ಇಟ್ಟಿದ್ದರು.

ಕಾಡಿಗೆ:
ಸೋಫಿ ವಿಷಯ ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ.

ಕಪ್ಪುಬಿಳುಪು ಅಣ್ಣ, ನಿಮ್ಮ ಸೊಸೆಗೆ ಹೇಳಿ, ಕಾಡಿಗೆ ಡಬ್ಬಿ ಕಳಿಸಿಕೊಡುತ್ತೇನೆ.

ಕಪ್ಪುಬಿಳುಪು:
ಹೇಳಿದೆ, ಕುಣಿದಾಡುತ್ತಿದ್ದಾಳೆ. ಈಗ ಅವಳ ತಲೆಯಲ್ಲಿ ಬ್ರೈಡ್ ಕೂತಿದ್ದಾಳೆ. ಎಲ್ಸಾ ಲ್ಯಾಂಚೆಸ್ಟರ್ ಸಿನಿಮಾದಲ್ಲಿ ಆ ವೇಷದಲ್ಲಿ ಕಾಣುವುದು ಕೆಲವೇ ನಿಮಿಷ, ಆದರೂ ಆ ಕೂದಲು ಯಾರಿಗೆ ಮರೆಯುತ್ತದೆ ಹೇಳಿ. ಮೇಲಕ್ಕೆ ಎದ್ದು ನಿಂತ ಕೂದಲು, ಎರಡೂ ಪಕ್ಕ ಮಿಂಚಿನ ಹಾಗೆ ಬಿಳಿ ಗೆರೆ. ಆ ಬುಸುಗುಟ್ಟುವುದನ್ನು ಹಂಸಗಳನ್ನು ನೋಡಿ ಕಲಿತೆ ಅಂತ ಅವರೇ ಹೇಳಿದ್ದರು. ಅದನ್ನೂ ಹೇಳಿಬಿಟ್ಟೆ, ಬೆಳಿಗ್ಗೆಯಿಂದ ಮನೆಯಲ್ಲೆಲ್ಲ ಬುಸ್ ಬುಸ್ ಅಂತ ಓಡಾಡುತ್ತಿದ್ದಾಳೆ. ಕೂದಲಿಗೆ ಕೆಮಿಕಲ್ ಹಾಕಿದರೆ ಅಕ್ಕ ನನ್ನನ್ನು ಬಿಡುವುದಿಲ್ಲ. ತೆರೆಕುಣಿತ ಅವರೇ, ನಿಮ್ಮ ದೊಡ್ಡಪ್ಪನ ಅಕ್ಕಿ ಹಿಟ್ಟಿನ ಬಿಳಿ ಕೂದಲ ಮೇಲೆ ನಿಲ್ಲುತ್ತದಾ?

ತೆರೆಕುಣಿತ:
ನಿಲ್ಲುತ್ತದೆ. ಸುಣ್ಣ ಮಾತ್ರ ಬೇಡವೇ ಬೇಡ, ಮಗುವಿನ ಚರ್ಮ. ಬೆಳ್ತಿಗೆ ಅಕ್ಕಿ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಪೂರ್ತಿ ಬಸಿದು ಬೆಣ್ಣೆ ಹಾಗೆ ಅರೆಯಬೇಕು, ತರಿ ಇದ್ದರೆ ಉದುರುತ್ತದೆ. ತೆಂಗಿನ ಗರಿಯ ಕಡ್ಡಿಯಲ್ಲಿ ತೆಳುವಾಗಿ ಒಂದು ಗೆರೆ ಎಳೆದು ಬಿಡಿ. ಪೂರ್ತಿ ಒಣಗುವ ತನಕ ಎರಡನೇದು ಎಳೆಯಬೇಡಿ. ಅಷ್ಟು ಹೊತ್ತು ಅವಳು ನಗಬಾರದು.

ಕಪ್ಪುಬಿಳುಪು:
ಅಕ್ಕಿ ನೆನೆಹಾಕಿ ಆಯಿತು.